ತಕ್ಕ ಅಲಗು ಹುಟ್ಟುವವರೆಗೆ

ಮೋನಪ್ಪ ಬರಮವ್ವನ ಕೈ ಕೆಡಿಸಿದ.

ಬೇಕೆಂದು ಮಾಡಲಿಲ್ಲ ಎನ್ನುವವರಿದ್ದಾರೆ. ಅವರ ಮಾತು ಇಲ್ಲಿ ಬೇಡ. ಗಟ್ಟಿ ಮರ ಅವನ ಪೆಟ್ಟಿಗೆಯಲ್ಲಿತ್ತು. ಪೆಟ್ಟಿಗೆ ಅವನ ಮಂಚದ ಕೆಳಗಿತ್ತು. ಬೀಗದ ಕೈ ಅವನ ಉಡಿದಾರದಲ್ಲಿತ್ತು. ಆದರೂ ಬಿದಿರು ಸೀಳಿ ಬದುಕುವ ಹೆಂಗಸಿನ ಕತ್ತಿಗೆ ಅವನು ಹಾಲುವಾಣದ ಹಿಡಿ ಹಾಕಿ ಕಳಿಸಿದ.

ಹಾಲುವಾಣ ಬೇಲಿಗೆ ನೆಡುವ ಮರ. ಉಗುರು ಊರಿದರೆ ಗುರುತು ಬೀಳುತ್ತದೆ.

ಕತ್ತಿ ಬಿದಿರಿನ ಗೆಣ್ಣಿನಲ್ಲಿ ಸಿಕ್ಕಿಕೊಂಡಿತು. ಬರಮವ್ವ ಒತ್ತಿದಳು. ಹಿಡಿ ಉದ್ದಕ್ಕೂ ಸೀಳಿತು. ಅಲಗು ಹೊರಳಿ ಅಂಗೈಗೆ ಇಳಿಯಿತು.

ನಡೆದದ್ದು ಇಷ್ಟು. ಯಾಕೆ ನಡೆಯಿತು ಎಂಬುದೇ ಕಥೆ.

*

ಹೊಳೆಯ ದಂಡೆಯಲ್ಲಿ ಒಂದು ಮಠವಿತ್ತು. ಅಲ್ಲಿ ಗಂಟೆ ಇರಲಿಲ್ಲ, ಕಾದ ಕಬ್ಬಿಣ ಬಡಿಯುವ ಅಡಿಗಲ್ಲು ಇತ್ತು. ಜನ ಅದನ್ನು ಕುಲುಮೆ ಮಠ ಎನ್ನುತ್ತಿದ್ದರು.

ಅಲ್ಲಿಯ ಗುರು ಹಂಪಜ್ಜ. ಮಂತ್ರ ಹೇಳಿಕೊಡಿ ಎಂದು ಬಂದವರ ಕೈಗೆ ಆತ ತಿದಿಯ ಹಗ್ಗ ಕೊಟ್ಟು ಊದಿಸುತ್ತಿದ್ದ. ಮಂತ್ರ ಬೇಕಾದವರು ಬೇಗ ಹೊರಟುಹೋಗುತ್ತಿದ್ದರು. ಉಳಿದವರು ಕತ್ತಿ, ಕುಡುಗೋಲು, ಈಳಿಗೆ ಮಾಡುವುದನ್ನು ಕಲಿಯುತ್ತಿದ್ದರು.

ಆ ಮಠಕ್ಕೊಂದು ರೂಢಿ ಇತ್ತು. ಹಿಡಿಗೆ ಬೇಕಾದ ಮರವನ್ನಾಗಲಿ ಕೊಂಬನ್ನಾಗಲಿ ಅಲ್ಲಿ ಕೊಳ್ಳುತ್ತಿರಲಿಲ್ಲ. ಸುತ್ತಲಿನ ಊರವರೇ ತಂದು ಕೊಡುತ್ತಿದ್ದರು. ಸಿಡಿಲು ಬಡಿದ ಹುಣಸೆಯ ಗಂಟು, ಮುರಿದ ಗಾಡಿಯ ಅಚ್ಚುಮರ, ಸತ್ತ ಎಮ್ಮೆಯ ಕೊಂಬು. ಕೊಟ್ಟವರು ಬದಲಿಗೆ ಏನನ್ನೂ ಕೇಳುತ್ತಿರಲಿಲ್ಲ, ಒಂದು ಪ್ರಶ್ನೆ ಬಿಟ್ಟು.

"ನಂದು ಯಾರ ಕೈ ಸೇರ್ತು?"

ಆ ಪ್ರಶ್ನೆಗೆ ಮಾತ್ರ ಉತ್ತರ ಕೊಡಲೇಬೇಕು.

ಮಠದಲ್ಲಿ ಎಲ್ಲರಿಗಿಂತ ಒಳ್ಳೆಯ ಅಲಗು ಎಳೆಯುವವನು ಮೋನಪ್ಪ. ಅವನು ಹದ ಹಾಕಿದ ಕತ್ತಿ ಬಾಗಿದರೆ ನೇರವಾಗುತ್ತಿತ್ತು, ಮುರಿಯುತ್ತಿರಲಿಲ್ಲ. ಹಾಗಾಗಿ ಒಳ್ಳೆಯ ಮರ, ಒಳ್ಳೆಯ ಕೊಂಬು ಬಂದಾಗಲೆಲ್ಲ ಅಜ್ಜ ಅವನ ಕಡೆ ತಳ್ಳುತ್ತಿದ್ದ.

ಮೋನಪ್ಪ ಅವನ್ನು ಎರಡೂ ಕೈಯಲ್ಲಿ ತೆಗೆದುಕೊಳ್ಳುತ್ತಿದ್ದ. ಎಣ್ಣೆ ಒರೆಸುತ್ತಿದ್ದ. ಬೆಳಕಿಗೆ ಹಿಡಿದು ಗೆರೆ ನೋಡುತ್ತಿದ್ದ. ಆಮೇಲೆ ಹಳೆಯ ಪಂಚೆಯ ತುಂಡಿನಲ್ಲಿ ಸುತ್ತಿ ಪೆಟ್ಟಿಗೆಯಲ್ಲಿಡುತ್ತಿದ್ದ.

ಹೊಸ ಅಲಗು ಮುಗಿದಾಗ ಪೆಟ್ಟಿಗೆ ತೆರೆಯುತ್ತಿತ್ತು. ಅಲಗಿನ ಪಕ್ಕ ಮರ ಹಿಡಿದು ನೋಡುತ್ತಿದ್ದ. ಬೆನ್ನು ಸ್ವಲ್ಪ ದಪ್ಪವಾಯಿತು ಎನ್ನುತ್ತಿದ್ದ. ಮೊನೆ ಇನ್ನೊಂದಿಷ್ಟು ಇಳಿಯಬೇಕಿತ್ತು ಎನ್ನುತ್ತಿದ್ದ. ಪೆಟ್ಟಿಗೆ ಮುಚ್ಚುತ್ತಿತ್ತು. ಅಲಗಿಗೆ ಹಾಲುವಾಣ ಬೀಳುತ್ತಿತ್ತು.

ಹೀಗೆ ಆ ಮಠದ ಅತಿ ಒಳ್ಳೆಯ ಅಲಗುಗಳಿಗೆ ಅತಿ ಕೆಟ್ಟ ಹಿಡಿಗಳು ಬಂದವು. ಇದನ್ನು ಅವನು ವಿನಯ ಎಂದುಕೊಂಡಿದ್ದ.

ಪೆಟ್ಟಿಗೆಯಲ್ಲಿದ್ದುದರಲ್ಲಿ ಒಂದು ತುಂಡಿಗೆ ಮಾತ್ರ ಅವನು ಎರಡು ಬಟ್ಟೆ ಸುತ್ತಿದ್ದ. ಅದು ಮುಳುಗಿದ ದೋಣಿಯದು. ದೋಣಿಯ ತಳದುದ್ದಕ್ಕೂ ಹಾಯುವ ಬೆನ್ನುಮರ. ಹೊನ್ನೆ. ಹೊಳೆಯ ಕೆಸರಿನಲ್ಲಿ ಮಲಗಿ ಮಲಗಿ ಕಾಡಿಗೆಯಷ್ಟು ಕಪ್ಪಾಗಿ, ಬಡಿದರೆ ಕಂಚಿನಂತೆ ದನಿ ಕೊಡುತ್ತಿತ್ತು.

ಅದನ್ನು ತಂದವನು ಅಂಬಿಗರ ಜಟ್ಟೆಪ್ಪ. ದೋಣಿ ಅವನ ಅಪ್ಪನದು.

ಜಟ್ಟೆಪ್ಪ ಮಠದ ಕಟ್ಟೆಗೆ ಬಂದು ಕೂತಾಗಲೆಲ್ಲ ಕೇಳುತ್ತಿದ್ದ.

"ಮೋನಪ್ಪಾ, ನಮ್ಮಪ್ಪನ ದೋಣಿ ಯಾರ ಕೈ ಸೇರ್ತು?"

"ಇನ್ನೂ ಇಲ್ಲ ಕಾಕಾ. ಅದಕ್ಕೆ ತಕ್ಕ ಅಲಗು ಹುಟ್ಟಬೇಕು."

"ಅದು ಹುಟ್ಟೋ ಹೊತ್ತಿಗೆ ಕೇಳೋಕೆ ನಾನಿರಲ್ಲ."

"ಹಂಗನ್ನಬ್ಯಾಡ ಕಾಕಾ."

"ಅನ್ನದಿದ್ರೆ ಇರ್ತೀನೇನು?"

ಹಂಪಜ್ಜ ಇದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದ. ಇದ್ದಿಲು ಕೆದಕುತ್ತಿದ್ದ.

*

ಬರಮವ್ವ ಬಂದಳು.

ಬಲಗೈಗೆ ಅರಿಶಿನ ಹಚ್ಚಿ ಬಟ್ಟೆ ಸುತ್ತಿತ್ತು. ಎಡಗೈಯಲ್ಲಿ ಕತ್ತಿಯ ಅಲಗು, ಮಡಿಲಲ್ಲಿ ಸೀಳಿದ ಹಿಡಿಯ ಎರಡು ಹೋಳು.

ಆಕೆ ಹೊಳೆಯಾಚೆಯ ಮೇದರ ಕೇರಿಯವಳು. ಗಂಡ ಇಲ್ಲ. ಮುದಿ ಅತ್ತೆ ಇದ್ದಾಳೆ, ಸಣ್ಣ ಹೆಣ್ಣುಮಗಳಿದ್ದಾಳೆ. ಬಿದಿರು ಸೀಳುವುದು ಆಕೆ, ಹೆಣೆಯುವುದು ಮೂವರೂ. ಆಕೆ ಸೀಳದಿದ್ದರೆ ಉಳಿದಿಬ್ಬರ ಕೈಗೂ ಕೆಲಸವಿಲ್ಲ, ಒಲೆಗೂ ಕೆಲಸವಿಲ್ಲ. ಅದು ಮದುವೆಗಳ ಕಾಲ, ಮನೆಮನೆಗೂ ಹೊಸ ಮೊರ ಬೇಕಾದ ಕಾಲ.

ಆಕೆ ಬೈಯಲಿಲ್ಲ. ಅಲಗನ್ನೂ ಹೋಳುಗಳನ್ನೂ ಅಡಿಗಲ್ಲಿನ ಮೇಲಿಟ್ಟಳು.

"ಅಲಗು ಬಂಗಾರದಂಗೈತೆ ತಮ್ಮಾ. ಆದ್ರೆ ನಾನು ಹಿಡಿಯೋದು ಅಲಗನ್ನಲ್ಲ."

ಮೋನಪ್ಪ ಸುತ್ತಿಗೆ ಕೆಳಗಿಟ್ಟ.

"ಗಾಯ ಮಾಗ್ತೈತೆ ಅಕ್ಕಾ."

"ಗಾಯ ಮಾಗ್ತೈತೆ. ಎರಡು ಬೆರಳು ಮಡಚ್ತಾ ಇಲ್ಲ. ಇನ್ನು ಮಡಚಂಗಿಲ್ಲ ಅಂತಾಳೆ ಮದ್ದು ಹಾಕೋ ಮುದುಕಿ."

ಹಂಪಜ್ಜ ಹೋಳು ಎತ್ತಿಕೊಂಡ. ಉಗುರು ಊರಿದ. ಗುರುತು ಬಿತ್ತು.

"ಯಾವ ಮರ?"

"ಹಾಲುವಾಣ" ಎಂದ ಮೋನಪ್ಪ.

"ಬ್ಯಾರೆ ಇರಲಿಲ್ವ?"

ಮೋನಪ್ಪ ಹೋಳಿನ ಕಡೆಯೇ ನೋಡುತ್ತಿದ್ದ.

"ಕಿವಿ ಕೇಳ್ತೈತಾ?"

"ಇತ್ತು ಅಜ್ಜಾ."

"ಎಲ್ಲಿ?"

"ಪೆಟ್ಟಿಗೇಲಿ."

"ಯಾರಿಗೆ ಅಂತ ಇಟ್ಟಿದ್ದೆ?"

"ಯಾರಿಗೆ ಅಂತ ಅಲ್ಲ. ಮುಂದೆ ಯಾವತ್ತಾದ್ರೂ, ಒಂದು ಒಳ್ಳೇ ಅಲಗು ಆದಾಗ."

"ಯಾವತ್ತೋ ಬರೋನಿಗೆ ಅನ್ನ ಮುಚ್ಚಿಟ್ಟು, ಎದುರಿಗೆ ನಿಂತೋಳಿಗೆ ಹೊಟ್ಟು ಬಡಿಸ್ದೆ."

ಬರಮವ್ವ ಅಜ್ಜನ ಕಡೆ ನೋಡಿದಳು.

"ಬಿಡಜ್ಜಾ. ಬೈದ್ರೆ ಬೆರಳು ಮಡಚ್ತಾವಾ?"

"ಇಲ್ಲ ತಾಯಿ. ಅದಕ್ಕೇ ನಾನು ಬೈಯಂಗಿಲ್ಲ" ಎಂದ ಹಂಪಜ್ಜ. "ಗಾಯ ಕೂಡಿಕೊಳ್ಳಲಿ. ಇವನೇ ನಿನ್ನ ಮನೆ ಬಾಗಿಲಿಗೆ ಬರ್ತಾನೆ."

*

ಮರುದಿನ ಬೆಳಿಗ್ಗೆ ಮೋನಪ್ಪ ಸುತ್ತಿಗೆ ಎತ್ತಿದ. ಕೈಗೆ ಹಗುರ ಅನ್ನಿಸಿತು. ತಿರುಗಿಸಿ ಕಾವನ್ನು, ಅದರ ಮರದ ಹಿಡಿಯನ್ನು, ನೋಡಿದ.

"ಅಜ್ಜಾ, ನನ್ನ ಸುತ್ತಿಗೆಯ ಕಾವು ಯಾರು ಬದಲಾಯಿಸಿದ್ದು?"

"ನಾನು."

"ಇದು ಹಾಲುವಾಣ."

"ಹೌದು. ನುಣ್ಣಗೆ ಉಜ್ಜೀನಿ, ಎಣ್ಣೇನೂ ಒರೆಸೀನಿ. ನೋಡೋಕೆ ಚೆಂದೈತೆ."

"ಹಳೇದೆಲ್ಲಿ?"

"ಒಳಗೆ ಬಟ್ಟೆ ಸುತ್ತಿ ಇಟ್ಟೀನಿ. ಒಳ್ಳೇ ಜಾಲಿ ಅದು. ಅದಕ್ಕೆ ತಕ್ಕ ಪೆಟ್ಟು ನಿನ್ನ ಕೈಯಿಂದ ಇನ್ನೂ ಬಿದ್ದಿಲ್ಲ."

ತಿದಿ ಊದುತ್ತಿದ್ದ ಶಿಷ್ಯ ನಕ್ಕ. ಉಳಿದವರೂ ನಕ್ಕರು.

ಹಂಪಜ್ಜ ಇಕ್ಕಳದಲ್ಲಿ ಕಾದ ಕಬ್ಬಿಣ ತೆಗೆದು ಅಡಿಗಲ್ಲಿನ ಮೇಲೆ ಹಿಡಿದ.

"ಹೊಡಿ."

ಮೋನಪ್ಪ ಸುತ್ತಿಗೆ ಎತ್ತಿದ. ಮೇಲೆಯೇ ನಿಂತಿತು. ಕಬ್ಬಿಣ ಹಳದಿಯಿಂದ ಕೆಂಪಾಯಿತು, ಕೆಂಪಿನಿಂದ ಕಪ್ಪಾಯಿತು.

"ಯಾಕೆ ನಿಂತೆ?"

"ಕಾವು ಮುರಿದು ಸುತ್ತಿಗೆ ಮುಖಕ್ಕೆ ಹಾರ್ತೈತೆ."

"ಹಾರಬಹುದು. ಹೊಡಿ."

"ಹೆದರಿಕೆ ಆಗ್ತೈತೆ ಅಜ್ಜಾ."

"ಬರಮವ್ವ ಹೆದರಲಿಲ್ಲ" ಎಂದ ಹಂಪಜ್ಜ. "ಮೋನಪ್ಪ ಮಾಡಿದ್ದು ಅಂತ ನಂಬಿ ಒತ್ತಿದ್ಳು."

ಈಗ ಯಾರೂ ನಗಲಿಲ್ಲ.

ಮೋನಪ್ಪ ಸುತ್ತಿಗೆ ಇಳಿಸಿ ಒಳಗೆ ಹೋದ. ಮಂಚದ ಕೆಳಗಿನಿಂದ ಪೆಟ್ಟಿಗೆ ಎಳೆದು ತಂದು ಅಜ್ಜನ ಎದುರು ಬೀಗ ತೆಗೆದ.

*

ಮೊದಲು ಎಮ್ಮೆಯ ಕೊಂಬು ಕೈಗೆ ಬಂತು. ಬಟ್ಟೆ ಬಿಚ್ಚಿದಾಗ ಬೂದಿಯಂಥ ಪುಡಿ ಮಡಿಲಿಗೆ ಸುರಿಯಿತು. ಕೊಂಬಿನ ತುಂಬ ತೂತು. ಒಳಗೆ ಇನ್ನೂ ಏನೋ ಕೆರೆಯುತ್ತಿತ್ತು.

ಹಂಪಜ್ಜ ಅದನ್ನು ಕಿವಿಯ ಹತ್ತಿರ ಹಿಡಿದು ಕೇಳಿದ.

"ಹುಳಕ್ಕೆ ನಿನ್ನಷ್ಟು ವಿನಯ ಇಲ್ಲ ನೋಡು. ತಕ್ಕ ಹಲ್ಲು ಹುಟ್ಟಲಿ ಅಂತ ಅದು ಕಾಯಲಿಲ್ಲ."

ಹುಣಸೆಯ ಗಂಟು ಒಣಗಿ ನಡುವೆ ಬಿರಿದಿತ್ತು. ಮೋನಪ್ಪ ಅದನ್ನು ಪಕ್ಕಕ್ಕಿಟ್ಟ. ಗಾಡಿಯ ಅಚ್ಚುಮರದ ತುಂಡು ಚೆನ್ನಾಗಿತ್ತು. ಅದನ್ನು ಎತ್ತಿ ತೋರಿಸಿದ.

"ಇದನ್ನ ಬರಮವ್ವಕ್ಕನ ಕತ್ತಿಗೆ ಹಾಕ್ತೀನಿ ಅಜ್ಜಾ. ಗಟ್ಟಿ ಜಾಲಿ."

"ಪೆಟ್ಟಿಗೇಲಿ ಅದಕ್ಕಿಂತ ಗಟ್ಟಿ ಯಾವುದೈತೆ?"

ಮೋನಪ್ಪನ ಕಣ್ಣು ಎರಡು ಬಟ್ಟೆ ಸುತ್ತಿದ ಗಂಟಿನ ಕಡೆ ಹೋಯಿತು. ಬೇಗ ವಾಪಸು ಬಂತು.

"ಇನ್ನೂ ಚೌಕಾಸಿ ಮಾಡ್ತಿದೀಯ" ಎಂದ ಹಂಪಜ್ಜ. "ಆಕೆ ನಿನ್ನ ಹಿಡಿಗೆ ಕೈ ಒಪ್ಪಿಸಿದಾಗ ಚೌಕಾಸಿ ಮಾಡಲಿಲ್ಲ."

"ಜಾಲಿ ಸಾಕಾಗ್ತೈತೆ ಅಜ್ಜಾ."

"ಸಾಕಾಗ್ತೈತೆ. ಹಾಲುವಾಣನೂ ಸಾಕಾಗ್ತೈತೆ ಅಂತಲೇ ನೀನು ಅಂದುಕೊಂಡಿದ್ದೆ."

ಮೋನಪ್ಪ ಬಟ್ಟೆ ಬಿಚ್ಚಿದ. ಕಪ್ಪು ಮರ ಬಿಸಿಲಿಗೆ ಬಂತು. ಸುತ್ತ ನಿಂತವರು ಬಗ್ಗಿ ನೋಡಿದರು. ಒಬ್ಬ ಬೆರಳು ಚಾಚಿದ. ಮೋನಪ್ಪ ತನಗೆ ಗೊತ್ತಿಲ್ಲದೆಯೇ ಅವನ ಕೈ ತಳ್ಳಿದ.

"ಇದರ ಮೇಲೆ ಕೈ ಇಡೋಷ್ಟು ನನ್ನ ಕೈ ಪಳಗಿಲ್ಲ ಅಜ್ಜಾ. ನಿಜ ಹೇಳ್ತೀನಿ."

"ಇಷ್ಟು ದಿನ ಯಾವುದರ ಮೇಲೆ ಪಳಗಿಸ್ದೆ?"

"ಹಾಲುವಾಣದ ಮೇಲೆ."

"ಮತ್ತೆ? ಅದಕ್ಕೆ ಪಳಗೈತೆ."

ಹಂಪಜ್ಜ ಎದ್ದು ಸುತ್ತಿಗೆಯ ಹಳೆಯ ಕಾವು ತಂದುಕೊಟ್ಟು ಮಾತು ಮುಗಿಸಿದ.

*

ಮೋನಪ್ಪ ಕೆಲಸಕ್ಕೆ ಕೂತ.

ಮೊಳದುದ್ದದ ಮರವನ್ನು ಎರಡು ಮಾಡಿದ. ಗರಗಸ ಅಷ್ಟು ಮೆಲ್ಲಗೆ ಹೋಗುವುದನ್ನು ಆ ಮಠದಲ್ಲಿ ಯಾರೂ ನೋಡಿರಲಿಲ್ಲ. ಬಿದ್ದ ಕಪ್ಪು ಹೊಟ್ಟನ್ನೂ ಅವನು ಬಟ್ಟೆಯಲ್ಲಿ ಕಟ್ಟಿಟ್ಟ.

ಬರಮವ್ವನ ಗಾಯ ಕೂಡಿಕೊಳ್ಳುವಷ್ಟರಲ್ಲಿ ಅರ್ಧ ತುಂಡಿನಿಂದ ಹಿಡಿ ತೆಗೆದ. ಅರ ಹಾಕಿ ಉಜ್ಜಿದ, ಗಾಜಿನ ಚೂರಿನಿಂದ ಹೆರೆದ, ಎಣ್ಣೆ ತೀಡಿದ. ಬಾಳೆಯ ಸುಳಿಯ ಹಾಗೆ ತೆಳ್ಳಗೆ, ನುಣ್ಣಗೆ, ತುದಿಯಲ್ಲಿ ಸಣ್ಣ ಬಾಗು. ಒಳಗಿನ ಕೆಂಪು ಗೆರೆಗಳು ಉದ್ದಕ್ಕೂ ಹರಿದು ಬಂದಿದ್ದವು.

ಶಿಷ್ಯರು ಕೈಯಿಂದ ಕೈಗೆ ದಾಟಿಸಿ ನೋಡಿದರು. ಮೋನಪ್ಪನ ಮುಖ ಅರಳಿತು.

ಹಂಪಜ್ಜನೂ ನೋಡಿದ.

"ಯಾರ ಕೈಗೆ?"

"ಬರಮವ್ವಕ್ಕನ ಕೈಗೆ."

"ಆಕೆ ಕೈ ನೋಡಿದೀಯಾ?"

ಮೋನಪ್ಪ ಹಿಡಿಯನ್ನು ಉಡಿಯಲ್ಲಿಟ್ಟುಕೊಂಡು ದೋಣಿಕಟ್ಟೆಗೆ ನಡೆದ.

ಜಟ್ಟೆಪ್ಪ ಹುಟ್ಟು ಹಾಕುತ್ತ ಕೇಳಿದ.

"ಎಲ್ಲಿಗೆ ಸವಾರಿ?"

"ಮೇದರ ಕೇರಿಗೆ ಕಾಕಾ."

"ಹೋಗು ಹೋಗು. ಆಕೆ ಅತ್ತೆ ಬಾಗಿಲಾಗೆ ಪೊರಕೆ ಹಿಡ್ಕೊಂಡು ಕೂತಿರ್ತಾಳೆ."

ಅತ್ತೆ ಬಾಗಿಲಲ್ಲಿ ಕೂತಿದ್ದಳು. ಪೊರಕೆ ಇರಲಿಲ್ಲ. ಮೊರ ಕಟ್ಟಲು ಸೀಳು ಇಲ್ಲದೆ ಬರಿಗೈಯಲ್ಲಿ ಕೂತಿದ್ದಳು. ಅದು ಪೊರಕೆಗಿಂತ ಹೆಚ್ಚು ಬಡಿಯಿತು.

ಬರಮವ್ವ ಹಿಡಿಯನ್ನು ತೆಗೆದುಕೊಂಡಳು. ಎರಡು ಬೆರಳು ಕಡ್ಡಿಯಂತೆ ಹೊರಗೆ ನಿಂತವು. ಉಳಿದ ಬೆರಳಿನ ನಡುವೆ ನುಣ್ಣನೆಯ ಹಿಡಿ ಮೀನಿನ ಹಾಗೆ ಜಾರಿತು. ಮತ್ತೆ ಹಿಡಿದಳು. ಮತ್ತೆ ಜಾರಿತು.

"ಭಾಳ ಚೆಂದೈತೆ ತಮ್ಮಾ" ಎಂದಳು. "ಗೋಡೆಗೆ ನೇತು ಹಾಕಿದ್ರೆ ಮನೆ ಬೆಳಗ್ತೈತೆ."

ಅವನು ತಲೆ ತಗ್ಗಿಸಿ ಕೂತ.

"ಹಂಗೆ ಕೂತ್ರೆ ಹೊಟ್ಟೆ ತುಂಬ್ತೈತಾ?" ಎಂದಳು ಅತ್ತೆ.

ಅವನು ಎದ್ದು ಹೊಳೆಗೆ ಇಳಿದು ಮುಷ್ಟಿಯಷ್ಟು ಜೇಡಿಮಣ್ಣು ತಂದ. ನಾದಿ ಉದ್ದಗೆ ಮಾಡಿ ಬರಮವ್ವನ ಬಲಗೈಗೆ ಕೊಟ್ಟ.

"ಇದನ್ನ ಹಿಡ್ಕ ಅಕ್ಕಾ. ಬಿದಿರಿಗೆ ಕತ್ತಿ ಒತ್ತೋವಾಗ ಹೆಂಗೆ ಹಿಡಿತೀಯೋ ಹಂಗೆ."

"ಈಗ ಹಂಗೆ ಹಿಡಿಯೋಕೆ ಬರಲ್ಲ."

"ಬಂದಂಗೆ ಹಿಡಿ."

ಆಕೆ ಹಿಡಿದಳು. ನೋವಿಗೆ ಹಲ್ಲು ಕಚ್ಚಿದಳು. ಮಡಚದ ಬೆರಳುಗಳ ಕೆಳಗೆ ಮಣ್ಣು ಉಬ್ಬಿತು. ಹೆಬ್ಬೆರಳು ಒಂದು ಗುಂಡಿ ಮಾಡಿತು. ಗಾಯದ ಗೆರೆ ಕುಳಿತಲ್ಲಿ ಒಂದು ದಿಬ್ಬ ಎದ್ದಿತು.

ಕೈ ಬಿಟ್ಟಾಗ ಅಲ್ಲಿ ಉಳಿದದ್ದು ಶುಂಠಿಯ ಬೇರಿನಂಥ ಆಕಾರ.

"ಥೂ, ಎಂಥ ಅಸಹ್ಯ" ಎಂದು ಬರಮವ್ವ ನಕ್ಕಳು.

ಹಿಡಿ ಸೀಳಿದ ಮೇಲೆ ಆಕೆ ನಕ್ಕದ್ದು ಅದೇ ಮೊದಲು. ಅತ್ತೆಯೂ ಇಣುಕಿ ನೋಡಿ ನಕ್ಕಳು. ಮೋನಪ್ಪ ಮಾತ್ರ ನಗದೆ ಆ ಮಣ್ಣನ್ನು ಹಕ್ಕಿಯ ಮೊಟ್ಟೆಯಂತೆ ಎರಡು ಕೈಯಲ್ಲಿ ಎತ್ತಿಕೊಂಡ.

*

ಈಗ ಉಳಿದದ್ದು ಅರ್ಧ ತುಂಡು. ಅದು ಕೆಟ್ಟರೆ ಮತ್ತೆ ಇಲ್ಲ. ಜಟ್ಟೆಪ್ಪನ ಅಪ್ಪನಿಗೆ ಇನ್ನೊಂದು ದೋಣಿ ಇರಲಿಲ್ಲ.

ಮೋನಪ್ಪ ಅರ ಹಿಡಿದು ಕೂತ. ಕೆಳಗಿಟ್ಟ. ಮತ್ತೆ ಹಿಡಿದ.

ಹಂಪಜ್ಜ ಪಕ್ಕದಲ್ಲಿ ಕೂತು ಮಧ್ಯಾಹ್ನದ ಅಡಿಗೆಗೆ ಸೋರೆಕಾಯಿ ಹೆಚ್ಚುತ್ತಿದ್ದ.

"ಅಜ್ಜಾ, ಇದೊಂದನ್ನ ನೀವೇ ಮಾಡಿಕೊಡ್ರಿ."

"ಯಾಕೆ?"

"ನಿಮ್ಮ ಕೈ ತಪ್ಪಂಗಿಲ್ಲ."

"ನನ್ನ ಕೈ ಆಕೆಗೆ ತಪ್ಪು ಮಾಡಿಲ್ಲ" ಎಂದ ಹಂಪಜ್ಜ. "ಮಾಡಿದ ಕೈ ಎಲ್ಲೈತೋ ಕೆಲಸ ಅಲ್ಲೈತೆ."

"ಕೆಟ್ಟರೆ?"

"ಕೆಟ್ಟರೆ ಜಾಲಿ ಐತೆ. ಅದೂ ಕೆಟ್ಟರೆ ಆ ಬಿರಿದ ಹುಣಸೆನಾದ್ರೂ ಐತೆ. ಎಲ್ಲಾ ಕೆಟ್ಟ ಮೇಲೆ ನಿನ್ನ ಕೈ ಇರ್ತೈತೆ, ಆ ಹೊತ್ತಿಗೆ ಅದಕ್ಕೆ ಒಂದಿಷ್ಟು ಬುದ್ಧಿ ಬಂದಿರ್ತೈತೆ. ಪೆಟ್ಟಿಗೆ ಒಳಗಿದ್ದಾಗ ಇದು ಕೆಟ್ಟಿರಲಿಲ್ಲ ಅಂತ ತಿಳಿದಿದೀಯಾ?"

ಮೋನಪ್ಪ ಅಜ್ಜನ ಕೈಯಲ್ಲಿದ್ದ ಚೂರಿ ನೋಡಿದ. ಅದೆಷ್ಟೋ ಸಲ ನೋಡಿದ್ದ, ಗಮನಿಸಿರಲಿಲ್ಲ. ಅದರ ಹಿಡಿ ಬೀಟೆಯದು. ಒಂದು ಕಡೆ ಹೆಬ್ಬೆರಳು ತಿಂದು ತಿಂದು ಬಟ್ಟಲಿನಷ್ಟು ತಗ್ಗು ಬಿದ್ದಿತ್ತು.

"ಇಂಥ ಬೀಟೇಲಿ ಸೋರೆಕಾಯಿ ಹೆಚ್ಚುತೀರಲ್ಲ ಅಜ್ಜಾ."

"ಬದನೆಕಾಯಿ ಇದ್ರೆ ಅದನ್ನೂ ಹೆಚ್ಚುತೀನಿ."

ಮೋನಪ್ಪ ಅರ ಎತ್ತಿಕೊಂಡ.

ಜೇಡಿಮಣ್ಣಿನ ಆಕಾರ ಎದುರಿಗಿತ್ತು. ಅದು ಹೇಳಿದಲ್ಲಿ ಕೊರೆದ, ಅದು ಹೇಳಿದಲ್ಲಿ ಬಿಟ್ಟ. ಚೆಂದದ ಕೆಂಪು ಗೆರೆ ಒಂದು ಕಡೆ ಅಡ್ಡ ಬಂತು. ಆ ಗೆರೆ ಉಳಿಸಿದರೆ ಹೆಬ್ಬೆರಳಿಗೆ ಜಾಗವಿಲ್ಲ. ಅವನ ಅರ ನಿಂತಿತು. ಅಜ್ಜ ತಲೆ ಎತ್ತಲಿಲ್ಲ. ಸೋರೆಕಾಯಿ ಹೋಳಾಗುವ ಸದ್ದು ಮಾತ್ರ ಕೇಳುತ್ತಿತ್ತು.

ಮೋನಪ್ಪ ಗೆರೆಯ ಮೇಲೆ ಅರ ಎಳೆದ. ಗೆರೆ ಹೋಯಿತು. ಹೆಬ್ಬೆರಳಿಗೆ ಜಾಗ ಬಂತು.

ಎಣ್ಣೆ ಹಾಕಿ ನುಣುಪು ಮಾಡಲಿಲ್ಲ. ಅರದ ಒರಟು ಹಾಗೇ ಉಳಿಸಿದ. ಅಲಗಿನ ಬಾಲ ಕಾಯಿಸಿ ಹಿಡಿಯೊಳಗೆ ಇಳಿಸಿದ, ಅರಗು ಹುಯ್ದ, ಕೊರಳಿಗೆ ಕಬ್ಬಿಣದ ಬಳೆ ತೊಡಿಸಿದ. ಆಮೇಲೆ ಕತ್ತಿಯನ್ನು ಹುಣಸೆಯ ದಿಮ್ಮಿಗೆ ಹೊಡೆದು, ಅಲ್ಲೇ ಸಿಕ್ಕಿಸಿ, ಮೈಯೆಲ್ಲ ಭಾರ ಹಾಕಿ ತಿರುಚಿದ.

ಹಿಡಿ ಅಲುಗಲಿಲ್ಲ.

ಆಗ ಅವನಿಗೆ ಮೊದಲ ಅರ್ಧದ ನೆನಪು ಬಂತು. ಗೋಡೆಗೆ ಮಾತ್ರ ಆಗುವ ಆ ಚೆಂದದ ಹಿಡಿ ಕಿಟಕಿಯಲ್ಲಿ ಕೂತಿತ್ತು. ಅವನ ಹತ್ತಿರ ಒಂದು ಸಣ್ಣ ಅಲಗಿತ್ತು, ಬೆನ್ನು ಸ್ವಲ್ಪ ದಪ್ಪವಾದದ್ದು. ಅವನು ಅದನ್ನೂ ಇದನ್ನೂ ಕೂಡಿಸಿ ಒಂದು ಚೂರಿ ಮಾಡಿದ. ಈ ಸಲ ಅಲಗನ್ನು ಬೆಳಕಿಗೆ ಹಿಡಿದು ನೋಡಲಿಲ್ಲ.

*

ಬರಮವ್ವ ಕತ್ತಿ ಹಿಡಿದಳು.

ಮಡಚದ ಎರಡು ಬೆರಳು ಉಬ್ಬಿನ ಮೇಲೆ ಒರಗಿದವು. ಹೆಬ್ಬೆರಳು ಗುಂಡಿಗೆ ಇಳಿಯಿತು. ಆಕೆ ಕೈ ಕೊಡವಿದಳು. ಕತ್ತಿ ಬೀಳಲಿಲ್ಲ. ಇನ್ನೂ ಜೋರಾಗಿ ಕೊಡವಿದಳು.

"ಅಂಟು ಹಾಕಿದೀಯೇನೋ?"

"ಇಲ್ಲಕ್ಕಾ."

ಅತ್ತೆ ಒಳಗಿನಿಂದ ಹಸಿ ಬಿದಿರು ತಂದು ಅಂಗಳದಲ್ಲಿ ನಿಲ್ಲಿಸಿದಳು. ಸಣ್ಣ ಮಗಳು ಅಜ್ಜಿಯ ಸೀರೆ ಹಿಡಿದು ನಿಂತಳು.

ಬರಮವ್ವ ಬಿದಿರಿನ ತಲೆಗೆ ಅಲಗು ಇಟ್ಟಳು. ಒತ್ತುವ ಮೊದಲು ನಿಂತಳು. ಕೈ ಹಿಂದೆ ಸರಿಯಿತು. ಗೆಣ್ಣು ನೋಡಿದಳು. ಆಮೇಲೆ ಮೋನಪ್ಪನ ಮುಖ ನೋಡಿದಳು.

ಮೋನಪ್ಪ ಮುಂದೆ ಬಂದು ಬಿದಿರಿನ ಬುಡವನ್ನು ಎರಡು ಕೈಯಲ್ಲಿ ಹಿಡಿದ. ಕತ್ತಿ ಜಾರಿದರೆ ಎಲ್ಲಿ ಬೀಳುತ್ತದೋ ಅಲ್ಲಿ.

"ಕೈ ತಗಿ" ಎಂದಳು ಬರಮವ್ವ.

"ತಗಿಯಲ್ಲಕ್ಕಾ. ಒತ್ತು."

ಆಕೆ ಒತ್ತಿದಳು.

ಚರ್ರೆಂದು ಬಿದಿರು ಬಾಯಿ ಬಿಟ್ಟಿತು. ಗೆಣ್ಣಿಗೆ ಬಂತು, ತಡೆಯಿತು. ಬರಮವ್ವ ಮೈಭಾರ ಹಾಕಿದಳು. ಗೆಣ್ಣು ಒಡೆಯಿತು. ಕತ್ತಿ ಮುಂದಿನ ಗೆಣ್ಣಿಗೆ ಹೋಯಿತು, ಅದನ್ನೂ ದಾಟಿತು. ಮೋನಪ್ಪನ ಬೆರಳಿನ ಹತ್ತಿರ ಬಂದು ನಿಂತಿತು. ಅವನು ಬುಡ ಎಳೆದು ಬಿಡಿಸಿದಾಗ ಎರಡು ಹೋಳು ಎರಡು ಕಡೆ ಬಿದ್ದವು.

ಮೊದಲಿನಷ್ಟು ಬೇಗ ಆಗಲಿಲ್ಲ. ಆದರೆ ಆಯಿತು.

ಅತ್ತೆ ಒಂದು ಹೋಳನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡಳು. ಮೂಸಿದಳು. ಮೊಮ್ಮಗಳನ್ನು ಕರೆದು ಕೂರಿಸಿಕೊಂಡಳು.

ಬರಮವ್ವ ಇನ್ನೊಂದು ಬಿದಿರಿಗೆ ಕತ್ತಿ ಇಟ್ಟಿದ್ದಳು. ಮೋನಪ್ಪ ಏನೋ ಹೇಳಲು ನಿಂತೇ ಇದ್ದ.

"ಇನ್ನೇನು ನೋಡ್ತೀಯ? ಬೆಳಕಿಗೆ ಅಡ್ಡ ನಿಂತಿದೀಯ, ಸರಿ ಅತ್ಲಾಗೆ. ನಂಗೆ ಕೆಲಸ ಐತೆ."

*

ದೋಣಿ ನಡು ಹೊಳೆಗೆ ಬಂದಾಗ ಜಟ್ಟೆಪ್ಪ ಹುಟ್ಟು ನಿಲ್ಲಿಸಿದ. ಕೇಳುವುದು ಅವನ ಹಕ್ಕು, ಕೇಳಿದ.

"ನಮ್ಮಪ್ಪನ ದೋಣಿ ಯಾರ ಕೈ ಸೇರ್ತು?"

"ಅರ್ಧ ಬರಮವ್ವಕ್ಕನ ಕೈ ಸೇರ್ತು ಕಾಕಾ."

ಜಟ್ಟೆಪ್ಪ ನೀರಿನ ಕಡೆ ನೋಡಿದ. ಉತ್ತರ ಬರುತ್ತದೆಂದು ಅವನು ನಿರೀಕ್ಷಿಸಿರಲಿಲ್ಲ.

"ಇನ್ನರ್ಧ?"

ಮೋನಪ್ಪ ಉಡಿಯಿಂದ ಚೂರಿ ತೆಗೆದು ಅವನ ಕೈಯಲ್ಲಿಟ್ಟ.

ಜಟ್ಟೆಪ್ಪ ಹಿಡಿಯ ಮೇಲೆ ಹೆಬ್ಬೆರಳು ಆಡಿಸಿದ. ಮೂಗಿನ ಹತ್ತಿರ ಹಿಡಿದ. ದೋಣಿ ತನ್ನಷ್ಟಕ್ಕೆ ಸ್ವಲ್ಪ ಕೆಳಗೆ ಹರಿಯಿತು.

ಆಮೇಲೆ ಬುತ್ತಿ ಬಿಚ್ಚಿದ. ಜೋಳದ ರೊಟ್ಟಿ, ಒಂದು ಈರುಳ್ಳಿ. ಚೂರಿಯನ್ನು ಪಂಚೆಗೆ ಒರೆಸಿ, ಈರುಳ್ಳಿಯನ್ನು ದೋಣಿಯ ಹಲಗೆಯ ಮೇಲಿಟ್ಟು ಹೆಚ್ಚಿದ. ರಸ ಹಿಡಿಗೆಲ್ಲ ಹತ್ತಿತು.

ಮೋನಪ್ಪನ ಕೈ ಅದನ್ನು ಒರೆಸಲು ಮುಂದೆ ಹೋಯಿತು. ಮರುಕ್ಷಣ ಅವನಿಗೆ ನಗು ಬಂತು.

"ಯಾಕೆ ನಗ್ತೀಯ?"

"ಏನಿಲ್ಲ ಕಾಕಾ. ಅರ್ಧ ರೊಟ್ಟಿ ಕೊಡು."

*

ಮಠಕ್ಕೆ ಬಂದವನೇ ಮೋನಪ್ಪ ಪೆಟ್ಟಿಗೆಯನ್ನು ಹೊತ್ತು ತಂದು ಅಡಿಗಲ್ಲಿನ ಪಕ್ಕ ಇಟ್ಟ. ಮುಚ್ಚಳ ತೆರೆದ. ಬೀಗವನ್ನು ಕುಲುಮೆಯ ಹಳೆ ಕಬ್ಬಿಣದ ಗುಡ್ಡೆಗೆ ಎಸೆದ.

"ಯಾರಿಗೆ ಬೇಕೋ ತಗೊಳ್ರಿ" ಎಂದ. "ಕೆಟ್ಟರೆ ಕೆಡಲಿ."

ಹಂಪಜ್ಜ ಬಗ್ಗಿ ಪೆಟ್ಟಿಗೆಯ ಹಲಗೆ ಬಡಿದು ನೋಡಿದ.

"ಪೆಟ್ಟಿಗೆ ಯಾವ ಮರದ್ದು?"

ಮೋನಪ್ಪ ಬಗ್ಗಿ ನೋಡಿದ. ಅದರ ಮರವನ್ನು ಅವನು ಎಂದೂ ಗಮನಿಸಿರಲಿಲ್ಲ.

"ತೇಗ, ಅಜ್ಜಾ. ಹಳೇ ತೇಗ."

"ಖಾಲಿ ಆದ ಮೇಲೆ ಅದನ್ನೂ ಒಡಿ. ಕುಡುಗೋಲಿಗೆ ಒಳ್ಳೇ ಹಿಡಿ ಆಗ್ತಾವೆ."

ಶಿಷ್ಯರು ಗೊಳ್ಳೆಂದು ನಕ್ಕರು. ಒಬ್ಬ ಮೋನಪ್ಪನ ಬೆನ್ನು ತಟ್ಟಿದ. ಇನ್ನೊಬ್ಬ ಅವನ ಹಾಗೇ ಬಟ್ಟೆ ಸುತ್ತುವ ಅಣಕು ಮಾಡಿ ತೋರಿಸಿದ. ಮೋನಪ್ಪನೂ ನಕ್ಕ.

ಹಂಪಜ್ಜ ನಗಲಿಲ್ಲ. ಸುತ್ತ ನೋಡಿದ. ಅಲ್ಲಿ ನಿಂತವರನ್ನು ನೋಡಿದ, ಬಾಗಿಲಲ್ಲಿ ಕೂತು ಕೇಳುತ್ತಿದ್ದವರನ್ನು ನೋಡಿದ, ಯಾರನ್ನೂ ಬಿಡಲಿಲ್ಲ.

"ಇವನದು ಸಿಕ್ತು. ನಿಮ್ಮ ಪೆಟ್ಟಿಗೆ ಎಲ್ಲೈತೆ? ಏಳ್ರಿ, ಹೋಗಿ ತಗೀರಿ, ಒಳಗೆ ಎಲ್ಲಕ್ಕಿಂತ ಒಳ್ಳೇದು ಯಾವುದೈತೋ ಅದನ್ನ ಸೂರ್ಯ ಮುಳುಗೋದರೊಳಗೆ ಬೇಕಾದೋರ ಕೈಗೆ ಸೇರಿಸಿ ಬರ್ರಿ."